ಫೋಲ್ಡರಿಗೊಬ್ಬ ಕಾವಲುಗಾರ: ಕಡತ ಬದಲಾದುದು ಗಣಕಕ್ಕೆ ತಿಳಿಯುವುದು ಹೇಗೆ?

ರಾತ್ರಿ ಹನ್ನೊಂದೂವರೆಯ ಸಮಯ. ದಿನಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಮುಖಪುಟ ಸಿದ್ಧವಾಗಿದೆ. ಪುಟವಿನ್ಯಾಸಕರು ಅದನ್ನು ಪಿಡಿಎಫ್ ರೂಪಕ್ಕೆ ಪರಿವರ್ತಿಸಿ, ಸರ್ವರ್‌ನಲ್ಲಿರುವ ನಿರ್ದಿಷ್ಟ ಫೋಲ್ಡರೊಂದಕ್ಕೆ ಹಾಕಿ ಎದ್ದು ಹೋಗುತ್ತಾರೆ. ಅವರು ಯಾರಿಗೂ ದೂರವಾಣಿ ಕರೆ ಮಾಡುವುದಿಲ್ಲ, ಯಾವ ಗುಂಡಿಯನ್ನೂ ಒತ್ತುವುದಿಲ್ಲ. ಆದರೂ ಕೆಲವೇ ಕ್ಷಣಗಳಲ್ಲಿ ಮುದ್ರಣಾಲಯದ ಗಣಕವು ಆ ಪುಟವನ್ನು ಎತ್ತಿಕೊಂಡು, ನಾಲ್ಕು ಬಣ್ಣಗಳಾಗಿ ಬೇರ್ಪಡಿಸಿ, ಪ್ಲೇಟ್ ತಯಾರಿಸುವ ಯಂತ್ರಕ್ಕೆ ರವಾನಿಸುತ್ತದೆ.

ಮುದ್ರಣ ಕ್ಷೇತ್ರದವರು ಇಂತಹ ಫೋಲ್ಡರನ್ನು 'ಹಾಟ್ ಫೋಲ್ಡರ್' ಎಂದು ಕರೆಯುತ್ತಾರೆ. ಮದುವೆ ಛಾಯಾಗ್ರಾಹಕರ ಸ್ಟುಡಿಯೋಗಳಲ್ಲಿ ಚಿತ್ರಗಳನ್ನು ಪ್ರಿಂಟರಿಗೆ ಕಳುಹಿಸುವುದಕ್ಕೂ ಇದೇ ಉಪಾಯ. ಮನೆಯ ಲ್ಯಾಪ್‌ಟಾಪಿನಲ್ಲಿ ಉಳಿಸಿದ ದಾಖಲೆಯೊಂದು ತಾನಾಗಿಯೇ ಡ್ರಾಪ್‌ಬಾಕ್ಸ್ ಅಥವಾ ಗೂಗಲ್ ಡ್ರೈವ್‌ಗೆ ಏರಿ, ಕಚೇರಿಯ ಗಣಕದಲ್ಲಿ ಪ್ರತ್ಯಕ್ಷವಾಗುವುದರ ಹಿಂದೆಯೂ ಇದೇ ತತ್ವವಿದೆ. ಒಂದು ತಂತ್ರಾಂಶವು ಒಂದು ಫೋಲ್ಡರಿನ ಮೇಲೆ ಸದಾ ಕಣ್ಣಿಟ್ಟಿರುತ್ತದೆ. ಅಲ್ಲಿ ಏನಾದರೂ ಬದಲಾದೊಡನೆ ತನ್ನ ಕೆಲಸವನ್ನು ಆರಂಭಿಸುತ್ತದೆ.

ಕೇಳಲು ಸುಲಭವೆನಿಸುವ ಈ ಕಾವಲು ಕಾರ್ಯವು ವಾಸ್ತವದಲ್ಲಿ ಸಾಕಷ್ಟು ಸೂಕ್ಷ್ಮವಾದುದು. ಕಾವಲುಗಾರ ಒಂದು ಕ್ಷಣ ಮುಂಚೆ ಧಾವಿಸಿದರೆ ಅರ್ಧ ಪುಟ ಮಾತ್ರ ಮುದ್ರಣಕ್ಕೆ ಹೋದೀತು. ಒಂದು ಸುದ್ದಿಯನ್ನು ತಪ್ಪಿಸಿಕೊಂಡರೆ ಬ್ಯಾಕಪ್‌ನಲ್ಲಿ ಒಂದು ಕಡತವೇ ಇಲ್ಲದಂತಾದೀತು. ದುಷ್ಟ ತಂತ್ರಾಂಶವೊಂದು ಆಸ್ಪತ್ರೆಯ ದಾಖಲೆಗಳನ್ನೆಲ್ಲ ಬೀಗ ಹಾಕುತ್ತಿರುವಾಗ ಆತ ನಿದ್ರಿಸಿದ್ದರೆ ಆಗುವ ಹಾನಿಯಂತೂ ಅಪಾರ.

ಮುಚ್ಚಳ ತೆಗೆದು ನೋಡುವುದೋ, ಕುಕ್ಕರ್ ಕೂಗುವುದೋ?

ಫೋಲ್ಡರಿನಲ್ಲಾದ ಬದಲಾವಣೆಯನ್ನು ತಿಳಿಯಲು ಮೂಲತಃ ಎರಡು ದಾರಿಗಳಿವೆ. ಅನ್ನ ಬೆಂದಿದೆಯೇ ಎಂದು ಮತ್ತೆ ಮತ್ತೆ ಪಾತ್ರೆಯ ಮುಚ್ಚಳ ತೆಗೆದು ನೋಡುವುದು ಮೊದಲನೆಯದು. ಕುಕ್ಕರ್ ಕೂಗುವವರೆಗೆ ಬೇರೆ ಕೆಲಸದಲ್ಲಿ ತೊಡಗಿರುವುದು ಎರಡನೆಯದು.

ಮೊದಲನೆಯ ವಿಧಾನಕ್ಕೆ ತಂತ್ರಜ್ಞರ ಭಾಷೆಯಲ್ಲಿ ಪೋಲಿಂಗ್ ಎಂಬ ಹೆಸರಿದೆ. ತಂತ್ರಾಂಶವು ನಿಗದಿತ ಅವಧಿಗೊಮ್ಮೆ ಫೋಲ್ಡರಿನಲ್ಲಿರುವ ಎಲ್ಲ ಕಡತಗಳ ಪಟ್ಟಿಯನ್ನು ತೆಗೆದುಕೊಂಡು, ಪ್ರತಿಯೊಂದರ ಗಾತ್ರವನ್ನೂ ಕೊನೆಯ ಬಾರಿ ತಿದ್ದಿದ ಸಮಯವನ್ನೂ ಹಿಂದಿನ ಪಟ್ಟಿಯೊಡನೆ ಹೋಲಿಸುತ್ತದೆ. ಇದು ಸರಳವಾದ ವಿಧಾನ. ಯಾವ ಗಣಕದಲ್ಲಿಯೂ, ಯಾವ ಜಾಲದ ಮೇಲೆಯೂ ನಡೆಯುತ್ತದೆ.

ಆದರೆ ಇದರ ವೆಚ್ಚ ಕಡಿಮೆಯದಲ್ಲ. 10 ಸಾವಿರ ಕಡತಗಳಿರುವ ಫೋಲ್ಡರನ್ನು ಸೆಕೆಂಡಿಗೊಮ್ಮೆ ಪರಿಶೀಲಿಸುವುದಾದರೆ ದಿನವೊಂದಕ್ಕೆ 86 ಕೋಟಿಗೂ ಹೆಚ್ಚು ವಿಚಾರಣೆಗಳಾಗುತ್ತವೆ. ಅವುಗಳಲ್ಲಿ ಬಹುಪಾಲಿಗೆ ಸಿಗುವ ಉತ್ತರ ಒಂದೇ: 'ಏನೂ ಬದಲಾಗಿಲ್ಲ'. ಲ್ಯಾಪ್‌ಟಾಪಿನ ಬ್ಯಾಟರಿ ಬರಿದಾಗಲು ಇಷ್ಟು ಸಾಕು. ಅವಧಿಯನ್ನು ಹತ್ತು ನಿಮಿಷಕ್ಕೆ ಹೆಚ್ಚಿಸಿದರೆ ವೆಚ್ಚ ಇಳಿಯುತ್ತದೆ, ಆದರೆ ಮುಖಪುಟವು ಹತ್ತು ನಿಮಿಷ ಕಾಯಬೇಕಾಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಎರಡು ಪರಿಶೀಲನೆಗಳ ನಡುವೆ ಹುಟ್ಟಿ ಅಳಿದುಹೋದ ಕಡತದ ಸುಳಿವೇ ಸಿಗುವುದಿಲ್ಲ. ಹಳೆಯ ಪೆನ್‌ಡ್ರೈವ್‌ಗಳಲ್ಲಿ ಬಳಕೆಯಾಗುತ್ತಿದ್ದ ಫ್ಯಾಟ್ ಕಡತ ವ್ಯವಸ್ಥೆಯು ತಿದ್ದುಪಡಿಯ ಸಮಯವನ್ನು 2 ಸೆಕೆಂಡುಗಳ ಲೆಕ್ಕದಲ್ಲಿ ಮಾತ್ರ ಬರೆದಿಡುತ್ತದೆ. ಅದೇ 2 ಸೆಕೆಂಡುಗಳಲ್ಲಿ ಕಡತವನ್ನು ಎರಡನೆಯ ಬಾರಿ ತಿದ್ದಿ, ಗಾತ್ರವೂ ಹಾಗೆಯೇ ಉಳಿದರೆ, ಹೊರಗಿನಿಂದ ನೋಡುವವರಿಗೆ ಅದು ತಿದ್ದದ ಕಡತದಂತೆಯೇ ಕಾಣುತ್ತದೆ.

ಎಲ್ಲವನ್ನೂ ಬಲ್ಲ ಕರ್ನಲ್

ಎರಡನೆಯ ದಾರಿಯು ಸಾಧ್ಯವಾಗಲು ಕಾರಣ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್. ಯಾವ ತಂತ್ರಾಂಶವೂ ಡಿಸ್ಕಿನ ಮೇಲೆ ಸಾಮಾನ್ಯವಾಗಿ ನೇರವಾಗಿ ಬರೆಯುವುದಿಲ್ಲ. ಕಡತವನ್ನು ತೆರೆಯಲು, ಬರೆಯಲು, ಅಳಿಸಲು, ಹೆಸರು ಬದಲಿಸಲು ಅದು ಕರ್ನಲ್‌ಗೆ ಮನವಿ ಸಲ್ಲಿಸಬೇಕು. ಉಪನೋಂದಣಿ ಕಚೇರಿಯ ಗಮನಕ್ಕೆ ಬಾರದೆ ಕ್ರಯಪತ್ರ ಹೇಗೆ ನೋಂದಣಿಯಾಗದೋ ಹಾಗೆಯೇ ಕರ್ನಲ್‌ನ ಗಮನಕ್ಕೆ ಬಾರದೆ ಕಡತ ಬದಲಾಗದು. ಆದ್ದರಿಂದ ಫೋಲ್ಡರನ್ನು ಪದೇ ಪದೇ ತಡಕುವುದಕ್ಕಿಂತ, 'ಇಲ್ಲಿ ಏನಾದರೂ ನಡೆದರೆ ತಿಳಿಸು' ಎಂದು ಕರ್ನಲ್‌ನಲ್ಲಿಯೇ ಹೆಸರು ಬರೆಸಿಡುವುದು ಜಾಣತನ.

ಲಿನಕ್ಸ್‌ನಲ್ಲಿ ಈ ದಿಸೆಯ ಮೊದಲ ಪ್ರಯತ್ನ 2001ರಲ್ಲಿ ಬಿಡುಗಡೆಯಾದ 2.4ನೆಯ ಆವೃತ್ತಿಯೊಡನೆ ಬಂದಿತು. ಅದರ ಹೆಸರು ಡಿನೋಟಿಫೈ. ಈ ಪದವನ್ನು ಕೇಳಿದೊಡನೆ ಕರ್ನಾಟಕದ ಓದುಗರಿಗೆ ಭೂಸ್ವಾಧೀನದ ವಿವಾದಗಳು ನೆನಪಾಗುವುದು ಸಹಜ. ಇಲ್ಲಿ ಮಾತ್ರ 'ಡಿ' ಎಂಬುದು ಡೈರೆಕ್ಟರಿ ಎಂಬ ಪದದ ಮೊದಲಕ್ಷರ. ಈ ಸೌಲಭ್ಯವು 'ಫೋಲ್ಡರಿನಲ್ಲಿ ಏನೋ ಆಗಿದೆ' ಎಂದಷ್ಟೇ ಹೇಳುತ್ತಿತ್ತು. ಯಾವ ಕಡತಕ್ಕೆ ಏನಾಯಿತು ಎಂಬುದನ್ನು ತಂತ್ರಾಂಶವೇ ಹುಡುಕಿಕೊಳ್ಳಬೇಕಿತ್ತು. ಅದಲ್ಲದೆ ಕಾವಲಿಟ್ಟ ಪ್ರತಿ ಫೋಲ್ಡರನ್ನೂ ತೆರೆದೇ ಇಟ್ಟಿರಬೇಕಾಗಿದ್ದ ಕಾರಣ, ಪೆನ್‌ಡ್ರೈವ್ ಅಥವಾ ಸಿ.ಡಿ.ಯನ್ನು ಹೊರತೆಗೆಯಲು ಹೋದರೆ 'ಬಳಕೆಯಲ್ಲಿದೆ' ಎಂದು ಗಣಕ ನಿರಾಕರಿಸುತ್ತಿತ್ತು.

ಈ ಕೊರತೆಗಳನ್ನು ನಿವಾರಿಸಲು ಜಾನ್ ಮೆಕಚನ್ ಮತ್ತು ರಾಬರ್ಟ್ ಲವ್ ಐನೋಟಿಫೈ ಎಂಬ ವ್ಯವಸ್ಥೆಯನ್ನು ರೂಪಿಸಿದರು. 2005ರ ಆಗಸ್ಟ್‌ನಲ್ಲಿ ಬಂದ 2.6.13ನೆಯ ಆವೃತ್ತಿಯಲ್ಲಿ ಅದು ಲಿನಕ್ಸ್‌ನ ಅಂಗವಾಯಿತು. ಕಡತ ಹುಟ್ಟಿತು, ಬದಲಾಯಿತು, ಅಳಿಯಿತು, ಹೆಸರು ಬದಲಿಸಿತು, ಬರೆಯುವುದು ಮುಗಿದು ಮುಚ್ಚಲ್ಪಟ್ಟಿತು ಎಂಬ ಬೇರೆ ಬೇರೆ ಸುದ್ದಿಗಳನ್ನು ಅದು ಕಡತದ ಹೆಸರಿನ ಸಮೇತ ಸಾಲಾಗಿ ತಲುಪಿಸುತ್ತದೆ. ಸುದ್ದಿ ಇಲ್ಲದಿರುವಾಗ ತಂತ್ರಾಂಶವು ನಿದ್ರಿಸುತ್ತಿರಬಹುದು. ಆಂಡ್ರಾಯ್ಡ್ ಫೋನುಗಳಲ್ಲಿರುವ ಫೈಲ್‌ಅಬ್ಸರ್ವರ್ ಎಂಬ ಸೌಲಭ್ಯವೂ ಇದರ ಮೇಲೆಯೇ ನಿಂತಿದೆ.

ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಎನ್‌ಟಿ ಕಾಲದಿಂದಲೂ ಕರ್ನಲ್‌ನ ನೆರವಿದೆ. 2002ರಲ್ಲಿ ಬಂದ ಡಾಟ್‌ನೆಟ್ ಚೌಕಟ್ಟಿನ ಫೈಲ್‌ಸಿಸ್ಟಂವಾಚರ್ ಇದನ್ನು ಸಾಮಾನ್ಯ ಪ್ರೋಗ್ರಾಮರುಗಳ ಕೈಗೆ ಸುಲಭವಾಗಿ ಎಟುಕಿಸಿತು. ಆಪಲ್ ಸಂಸ್ಥೆಯು 2007ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಲೆಪರ್ಡ್ ಆವೃತ್ತಿಯಲ್ಲಿ ಎಫ್ಎಸ್‌ಇವೆಂಟ್ಸ್ ಎಂಬ ವ್ಯವಸ್ಥೆಯನ್ನು ಪರಿಚಯಿಸಿತು. ಜಾವಾ ಭಾಷೆಗೆ ಇಂತಹ ಸೌಲಭ್ಯ ಸೇರಿದ್ದು 2011ರಲ್ಲಿ, ಅದರ ಏಳನೆಯ ಆವೃತ್ತಿಯೊಡನೆ.

ಇವುಗಳ ನಡುವೆ ಗಮನಾರ್ಹ ವ್ಯತ್ಯಾಸಗಳಿವೆ. ವಿಂಡೋಸ್‌ನಲ್ಲಿ ಒಂದು ಫೋಲ್ಡರಿಗೆ ಕಾವಲಿಟ್ಟು, ಅದರೊಳಗಿನ ಎಲ್ಲ ಉಪಫೋಲ್ಡರುಗಳ ಸುದ್ದಿಯನ್ನೂ ಕೇಳಬಹುದು. ಲಿನಕ್ಸ್‌ನ ಐನೋಟಿಫೈಯಲ್ಲಿ ಪ್ರತಿಯೊಂದು ಉಪಫೋಲ್ಡರಿಗೂ ಪ್ರತ್ಯೇಕ ಕಾವಲು ಹಾಕಬೇಕು. ಬಹುಕಾಲದವರೆಗೆ ಬಳಕೆದಾರರೊಬ್ಬರಿಗೆ 8,192 ಕಾವಲುಗಳೆಂಬ ಸಾಮಾನ್ಯ ಮಿತಿ ಇತ್ತು. ದೊಡ್ಡ ಯೋಜನೆಗಳಲ್ಲಿ ಕೆಲಸ ಮಾಡುವ ಪ್ರೋಗ್ರಾಮರುಗಳು ಈ ಮಿತಿಗೆ ಮೇಲಿಂದ ಮೇಲೆ ಬಡಿದುಕೊಳ್ಳುತ್ತಿದ್ದರು. 2021ರ ಫೆಬ್ರವರಿಯಲ್ಲಿ ಬಂದ 5.11ನೆಯ ಆವೃತ್ತಿಯಿಂದ ಗಣಕದ ಸ್ಮೃತಿಯ ಪ್ರಮಾಣಕ್ಕೆ ಅನುಗುಣವಾಗಿ ಮಿತಿಯು ನಿಗದಿಯಾಗುತ್ತದೆ.

ಆಪಲ್‌ನ ವ್ಯವಸ್ಥೆಯು ಬದಲಾವಣೆಗಳ ದಾಖಲೆಯನ್ನು ಡಿಸ್ಕಿನಲ್ಲಿಯೇ ಬರೆದಿಡುತ್ತದೆ. ಕಾವಲು ತಂತ್ರಾಂಶವು ನಿಂತುಹೋಗಿದ್ದರೂ, ಮತ್ತೆ ಎದ್ದಾಗ 'ಆ ಸಂಖ್ಯೆಯ ಬಳಿಕ ಏನೇನಾಯಿತು' ಎಂದು ಕೇಳಿ ತಿಳಿಯಬಹುದು. ವಿಂಡೋಸ್ 2000ದೊಡನೆ ಬಂದ ಎನ್‌ಟಿಎಫ್ಎಸ್ ಬದಲಾವಣಾ ದಿನಚರಿಯೂ ಇದೇ ಬಗೆಯದು. ಐನೋಟಿಫೈಗೆ ಇಂತಹ ನೆನಪಿಲ್ಲ. ತಂತ್ರಾಂಶವು ಎಚ್ಚರವಿಲ್ಲದ ಅವಧಿಯಲ್ಲಿ ಆದದ್ದು ಅದರ ಪಾಲಿಗೆ ಆಗಿಯೇ ಇಲ್ಲ.

ಅರ್ಧ ಬಂದ ಪುಟ

ಇಷ್ಟೆಲ್ಲ ಸೌಲಭ್ಯವಿದ್ದರೂ ಎಡವಟ್ಟುಗಳು ತಪ್ಪುವುದಿಲ್ಲ. ಅವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಅರ್ಧ ಬಂದ ಕಡತದ ಸಮಸ್ಯೆ.

40 ಎಂ.ಬಿ. ಗಾತ್ರದ ಪುಟವೊಂದನ್ನು ಜಾಲದ ಮೂಲಕ ಹಾಟ್ ಫೋಲ್ಡರಿಗೆ ನಕಲಿಸಲಾಗುತ್ತಿದೆ ಎಂದಿಟ್ಟುಕೊಳ್ಳೋಣ. ನಕಲು ಆರಂಭವಾದ ಕ್ಷಣದಲ್ಲಿಯೇ 'ಹೊಸ ಕಡತ ಹುಟ್ಟಿತು' ಎಂಬ ಸುದ್ದಿ ಹೊರಡುತ್ತದೆ. ಆಗ ಆ ಕಡತದಲ್ಲಿ ಹೆಸರಲ್ಲದೆ ಬೇರೇನೂ ಇರುವುದಿಲ್ಲ. ಅವಸರದ ತಂತ್ರಾಂಶವು ಅದನ್ನು ಆಗಲೇ ಎತ್ತಿಕೊಂಡರೆ, ಅದಕ್ಕೆ ಸಿಗುವುದು ಹರಕು ಪುಟ. ಬಾಗಿಲ ಗಂಟೆ ಬಾರಿಸಿದೊಡನೆ ಸಾಮಾನೆಲ್ಲ ಒಳಗೆ ಬಂದಾಯಿತು ಎಂದು ಲಾರಿಯನ್ನು ಕಳುಹಿಸಿಬಿಟ್ಟಂತೆ.

ಇದಕ್ಕೆ ಪರಿಹಾರಗಳಿವೆ. ಲಿನಕ್ಸ್‌ನಲ್ಲಿ ಹುಟ್ಟಿದ ಸುದ್ದಿಯನ್ನು ಕಡೆಗಣಿಸಿ, ಬರೆಯುವುದು ಮುಗಿದು ಕಡತ ಮುಚ್ಚಿದ ಸುದ್ದಿಗಾಗಿ ಕಾಯಬಹುದು. ವಿಂಡೋಸ್‌ನ ಫೈಲ್‌ಸಿಸ್ಟಂವಾಚರ್‌ನಲ್ಲಿ ಅಂತಹ ಸುದ್ದಿ ಇಲ್ಲದಿರುವುದರಿಂದ, ಕಡತವನ್ನು ಬೇರಾರೂ ಬಳಸದಂತೆ ತೆರೆಯಲು ಯತ್ನಿಸಿ, ಅದು ಸಫಲವಾಗುವವರೆಗೆ ಕಾಯುವ ಪದ್ಧತಿ ಇದೆ. ಗಾತ್ರವು ಕೆಲವು ಸೆಕೆಂಡುಗಳ ಕಾಲ ಹೆಚ್ಚದೆ ನಿಂತರೆ ನಕಲು ಮುಗಿಯಿತೆಂದು ಭಾವಿಸುವವರೂ ಇದ್ದಾರೆ. ಆದರೆ ಜಾಲವು ನಿಧಾನವಾಗಿರುವಾಗ ಈ ಊಹೆ ಕೈಕೊಡುತ್ತದೆ.

ಅತ್ಯಂತ ಭದ್ರವಾದ ಉಪಾಯವಿರುವುದು ಕಡತವನ್ನು ಕಳುಹಿಸುವವರ ಕೈಯಲ್ಲಿ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಕಡತವನ್ನು ಪೂರ್ತಿಯಾಗಿ ಬರೆದು, ಬಳಿಕ ನಿಜವಾದ ಹೆಸರಿಗೆ ಬದಲಾಯಿಸುವುದು. ಒಂದೇ ಡಿಸ್ಕಿನ ಒಂದೇ ಕಡತ ವ್ಯವಸ್ಥೆಯೊಳಗೆ ಹೆಸರು ಬದಲಾವಣೆಯು ಒಂದೇ ಏಟಿಗೆ ನಡೆಯುವ ಕ್ರಿಯೆ. ಅಲ್ಲಿ ಅರ್ಧಂಬರ್ಧ ಎಂಬುದಿಲ್ಲ. ತಾತ್ಕಾಲಿಕ ಹೆಸರಿನ ಕಡತಗಳನ್ನು ಮುಟ್ಟಬಾರದೆಂದು ಕಾವಲುಗಾರನಿಗೆ ಹೇಳಿಟ್ಟರೆ ಸಾಕು.

ಒಂದು ಉಳಿಕೆ, ಹಲವು ಸುದ್ದಿ

ಎರಡನೆಯದು ಸುದ್ದಿಗಳ ಅತಿರೇಕ. ಬಳಕೆದಾರರು 'ಸೇವ್' ಗುಂಡಿಯನ್ನು ಒಮ್ಮೆ ಒತ್ತಿದರೂ ಕಾವಲುಗಾರನಿಗೆ ನಾಲ್ಕೈದು ಸುದ್ದಿಗಳು ಬರಬಹುದು. ಅನೇಕ ಪದಸಂಸ್ಕರಣ ತಂತ್ರಾಂಶಗಳು ಮೂಲ ಕಡತವನ್ನು ನೇರವಾಗಿ ತಿದ್ದುವುದಿಲ್ಲ. ಹೊಸ ಕಡತವನ್ನು ಬರೆದು, ಹಳೆಯದರ ಹೆಸರನ್ನು ಬದಲಿಸಿ, ಹೊಸದಕ್ಕೆ ಹಳೆಯ ಹೆಸರನ್ನಿಟ್ಟು, ಕೊನೆಗೆ ಹಳೆಯದನ್ನು ಅಳಿಸುತ್ತವೆ. ಪ್ರತಿ ಸುದ್ದಿಗೂ ಓಡುವ ತಂತ್ರಾಂಶವು ಒಂದೇ ಪುಟಕ್ಕೆ ಮೂರು ಬಾರಿ ಪ್ಲೇಟ್ ತೆಗೆಸೀತು. ಆದ್ದರಿಂದ ಮೊದಲ ಸುದ್ದಿಯ ಬಳಿಕ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಕಾದು, ಗದ್ದಲ ಅಡಗಿದ ಮೇಲೆ ಒಮ್ಮೆ ಮಾತ್ರ ಕಾರ್ಯಪ್ರವೃತ್ತವಾಗುವಂತೆ ಪ್ರೋಗ್ರಾಂ ಬರೆಯುವುದು ವಾಡಿಕೆ.

ತಂತ್ರಾಂಶವು ತನ್ನ ಫಲಿತಾಂಶವನ್ನು ತಾನೇ ಕಾಯುತ್ತಿರುವ ಫೋಲ್ಡರಿಗೆ ಬರೆದರಂತೂ ಫಜೀತಿ ಹೇಳತೀರದು. ಬರೆದುದೇ ಹೊಸ ಸುದ್ದಿಯಾಗುತ್ತದೆ. ಆ ಸುದ್ದಿಗೆ ಮತ್ತೆ ಬರೆಯುತ್ತದೆ. ಡಿಸ್ಕ್ ತುಂಬುವವರೆಗೆ ಈ ಚಕ್ರ ನಿಲ್ಲುವುದಿಲ್ಲ. ಒಳಬರುವ ಹಾಗೂ ಹೊರಹೋಗುವ ಫೋಲ್ಡರುಗಳನ್ನು ಬೇರೆಯಾಗಿಡುವುದೇ ಇದಕ್ಕಿರುವ ಮದ್ದು.

ಲೆಕ್ಕ ತಪ್ಪಿದ ಕೂಗು

ಮೂರನೆಯ ಸಮಸ್ಯೆ ಎಲ್ಲಕ್ಕಿಂತ ಗಂಭೀರವಾದುದು. ಕರ್ನಲ್ ಕಳುಹಿಸಿದ ಸುದ್ದಿಗಳನ್ನು ತಂತ್ರಾಂಶವು ಓದಿಕೊಳ್ಳುವವರೆಗೆ ಒಂದು ಸಾಲಿನಲ್ಲಿ ಶೇಖರಿಸಿಡಲಾಗುತ್ತದೆ. ಆ ಸಾಲಿಗೊಂದು ಮಿತಿಯಿದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 16,384 ಸುದ್ದಿಗಳು. ವಿಂಡೋಸ್‌ನ ಫೈಲ್‌ಸಿಸ್ಟಂವಾಚರ್‌ಗೆ ಮೊದಲಿಗೆ ದೊರೆಯುವ ಜಾಗ 8,192 ಬೈಟುಗಳು ಮಾತ್ರ. ಕಡತಗಳಿಗೆ 20 ಅಕ್ಷರಗಳ ಹೆಸರಿದ್ದರೆ ಇದು ಸುಮಾರು 150 ಸುದ್ದಿಗಳಿಗೆ ಸಾಲುತ್ತದೆ. ಜಾಗವನ್ನು 64 ಕೆ.ಬಿ.ವರೆಗೆ ಹಿಗ್ಗಿಸಲು ಅವಕಾಶವಿದೆ.

ಯಾರಾದರೂ ಒಮ್ಮೆಲೇ ಸಾವಿರಾರು ಛಾಯಾಚಿತ್ರಗಳನ್ನು ಫೋಲ್ಡರಿಗೆ ಸುರಿದರೆ ಸಾಲು ತುಂಬಿ ತುಳುಕುತ್ತದೆ. ಆಗ ಉಳಿದ ಸುದ್ದಿಗಳು ನಷ್ಟವಾಗುತ್ತವೆ. 'ತುಂಬಿ ತುಳುಕಿತು' ಎಂಬ ಒಂದು ಎಚ್ಚರಿಕೆ ಮಾತ್ರ ಬರುತ್ತದೆ. ಯಾವ ಕಡತಗಳ ಸುದ್ದಿ ಕಳೆದುಹೋಯಿತು ಎಂಬುದು ಗೊತ್ತಾಗುವುದಿಲ್ಲ. ಈ ಎಚ್ಚರಿಕೆಯನ್ನೂ ಗಮನಿಸದ ತಂತ್ರಾಂಶವು ಎಲ್ಲವೂ ಸರಿಯಾಗಿದೆ ಎಂಬ ಭ್ರಮೆಯಲ್ಲಿ ಮುಂದುವರಿಯುತ್ತದೆ. ವರ್ಷದ ಬಳಿಕ ಬ್ಯಾಕಪ್‌ನಿಂದ ಚಿತ್ರವನ್ನು ತೆಗೆಯಲು ಹೋದವರಿಗೆ ಮಾತ್ರ ಸತ್ಯ ತಿಳಿಯುತ್ತದೆ.

ಕುಕ್ಕರ್ ಎಷ್ಟು ಬಾರಿ ಕೂಗಿತೆಂಬ ಲೆಕ್ಕ ತಪ್ಪಿದರೆ ಗೃಹಿಣಿಯರು ಊಹೆಯನ್ನು ನೆಚ್ಚುವುದಿಲ್ಲ. ಆವಿ ಇಳಿದ ಮೇಲೆ ಮುಚ್ಚಳ ತೆಗೆದು ನೋಡುತ್ತಾರೆ. ಒಳ್ಳೆಯ ಕಾವಲು ತಂತ್ರಾಂಶವೂ ಅದನ್ನೇ ಮಾಡುತ್ತದೆ. ಸಾಲು ತುಳುಕಿದ ಸೂಚನೆ ಬಂದೊಡನೆ ಫೋಲ್ಡರನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಪರಿಶೀಲಿಸಿ ತನ್ನ ಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತದೆ. ಪ್ರತಿ ಬಾರಿ ಆರಂಭವಾದಾಗಲೂ ಇಂತಹ ಪೂರ್ಣ ಪರಿಶೀಲನೆ ಅಗತ್ಯ. ಸುದ್ದಿಯೆಂಬುದು ಸುಳಿವು ಮಾತ್ರ. ಅಂತಿಮ ಸತ್ಯವಿರುವುದು ಡಿಸ್ಕಿನಲ್ಲಿ.

ಇದೇ ಎಚ್ಚರಿಕೆಯು ಹೊಸ ಉಪಫೋಲ್ಡರುಗಳ ವಿಷಯದಲ್ಲಿಯೂ ಬೇಕು. ಲಿನಕ್ಸ್‌ನಲ್ಲಿ ಹೊಸ ಫೋಲ್ಡರ್ ಹುಟ್ಟಿದ ಸುದ್ದಿ ತಿಳಿದು, ಅದಕ್ಕೆ ಕಾವಲು ಹಾಕುವಷ್ಟರಲ್ಲಿ ಅದರೊಳಗೆ ಕಡತಗಳು ಬಂದು ಕುಳಿತಿರಬಹುದು. ಕಾವಲು ಹಾಕಿದ ಬಳಿಕ ಒಳಗೆ ಈಗಾಗಲೇ ಏನಿದೆಯೆಂದು ನೋಡದಿದ್ದರೆ ಅವು ಶಾಶ್ವತವಾಗಿ ಕಣ್ತಪ್ಪುತ್ತವೆ. ಇನ್ನು ಜಾಲದ ಮೂಲಕ ಹಂಚಿಕೊಂಡ ಡಿಸ್ಕುಗಳಲ್ಲಿ ಬೇರೊಂದು ಗಣಕದಿಂದ ಆದ ಬದಲಾವಣೆಯನ್ನು ಐನೋಟಿಫೈ ಕಾಣಲಾರದು. ಆ ಬದಲಾವಣೆಯು ಈ ಗಣಕದ ಕರ್ನಲ್‌ನ ಮೂಲಕ ಹಾದುಹೋಗಿರುವುದಿಲ್ಲ. ಅಂತಹ ಕಡೆ ಮುಚ್ಚಳ ತೆಗೆದು ನೋಡುವ ಹಳೆಯ ವಿಧಾನವೇ ಇಂದಿಗೂ ಗತಿ.

ಕಳ್ಳನ ಹೆಜ್ಜೆ

ಫೋಲ್ಡರಿನ ಕಾವಲು ಅನುಕೂಲಕ್ಕಾಗಿ ಮಾತ್ರವಲ್ಲ, ಭದ್ರತೆಗಾಗಿಯೂ ಬಳಕೆಯಾಗುತ್ತಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಅವರ ಗುರು ಯೂಜೀನ್ ಸ್ಪಾಫರ್ಡ್ 1992ರಲ್ಲಿ ಟ್ರಿಪ್‌ವೈರ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. ಅದು ಮುಖ್ಯ ಕಡತಗಳ ಒಳಗಿನ ಅಂಶದಿಂದ ಲೆಕ್ಕಹಾಕಿದ ಒಂದು ಬಗೆಯ ಬೆರಳಚ್ಚನ್ನು ಸಂಗ್ರಹಿಸಿಟ್ಟು, ಬಳಿಕ ಅದರೊಡನೆ ಹೋಲಿಸುತ್ತಿತ್ತು. ಗಾತ್ರ, ಸಮಯಗಳನ್ನು ಮೊದಲಿನಂತೆಯೇ ತೋರುವಂತೆ ಮಾಡಿದ ಕಳ್ಳನೂ ಬೆರಳಚ್ಚಿನಿಂದ ಸಿಕ್ಕಿಬೀಳುತ್ತಿದ್ದ. ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳ ವಿವರಗಳನ್ನು ನಿರ್ವಹಿಸುವ ಸಂಸ್ಥೆಗಳು ಪಾಲಿಸಬೇಕಾದ ಪಿಸಿಐ ಡಿಎಸ್ಎಸ್ ಮಾನದಂಡವು ಮುಖ್ಯ ಕಡತಗಳನ್ನು ಕನಿಷ್ಠ ವಾರಕ್ಕೊಮ್ಮೆ ಹೀಗೆ ಹೋಲಿಸಿ ನೋಡಬೇಕೆಂದು ವಿಧಿಸುತ್ತದೆ.

ಕಡತಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗಳ ಕಾಲದಲ್ಲಿ ವಾರಕ್ಕೊಮ್ಮೆ ನೋಡುವುದು ಸಾಲದು. 2017ರ ಮೇ ತಿಂಗಳಲ್ಲಿ ಜಗತ್ತಿನ ಸುಮಾರು 150 ದೇಶಗಳಿಗೆ ಹಬ್ಬಿದ ವಾನಾಕ್ರೈ, ತಾನು ಬೀಗ ಹಾಕಿದ ಕಡತಗಳ ಹೆಸರಿನ ಕೊನೆಗೆ ಡಬ್ಲ್ಯುಎನ್‌ಸಿಆರ್‌ವೈ ಎಂಬ ಬಾಲವನ್ನು ಅಂಟಿಸುತ್ತಿತ್ತು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ನಡೆದ ದಾಳಿಯಲ್ಲಿ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿದ್ದಿತೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತ್ತು. ಹೊರರೋಗಿಗಳ ನೋಂದಣಿ ಮೊದಲಾದ ಕೆಲಸಗಳನ್ನು ಹಲವು ದಿನಗಳ ಕಾಲ ಕಾಗದದ ಮೇಲೆ ನಡೆಸಬೇಕಾಯಿತು.

ಇಂತಹ ದಾಳಿಗೆ ತನ್ನದೇ ಆದ ಹೆಜ್ಜೆ ಗುರುತಿದೆ. ಮನುಷ್ಯರಾರೂ ನಿಮಿಷಕ್ಕೆ ನೂರಾರು ಕಡತಗಳನ್ನು ತೆರೆದು, ಪೂರ್ತಿಯಾಗಿ ತಿದ್ದಿ, ಹೆಸರು ಬದಲಿಸಲಾರರು. ಈ ಅಸಹಜ ವೇಗವನ್ನು ಗುರುತಿಸಿದ ಕಾವಲು ತಂತ್ರಾಂಶವು ಗಣಕವನ್ನು ಜಾಲದಿಂದ ಬೇರ್ಪಡಿಸಿ ಹಾನಿಯನ್ನು ತಗ್ಗಿಸಬಲ್ಲದು. ಯಾರೂ ಮುಟ್ಟಬೇಕಾಗಿಲ್ಲದ ಕಡತಗಳನ್ನು ಗಾಳದಂತೆ ಇರಿಸಿ, ಅವು ಬದಲಾದೊಡನೆ ಎಚ್ಚರಿಕೆ ಕೂಗುವ ಉಪಾಯವೂ ಇದೆ.

ಆದರೆ ಐನೋಟಿಫೈಗೆ ಇಲ್ಲೊಂದು ದೊಡ್ಡ ಮಿತಿಯಿದೆ. ಕಡತ ಬದಲಾಯಿತೆಂದು ಅದು ಹೇಳುತ್ತದೆಯೇ ಹೊರತು, ಬದಲಿಸಿದ್ದು ಯಾವ ತಂತ್ರಾಂಶವೆಂದು ಹೇಳುವುದಿಲ್ಲ; ತಡೆಯಲಂತೂ ಅದರಿಂದಾಗದು. 2011ರ ಜನವರಿಯಲ್ಲಿ ಬಂದ ಲಿನಕ್ಸ್ 2.6.37ರಿಂದ ಬಳಕೆಗೆ ದೊರೆತ ಫ್ಯಾನೋಟಿಫೈ ಈ ಕೊರತೆಯನ್ನು ತುಂಬಿತು. ಕಡತವನ್ನು ತೆರೆಯುತ್ತಿರುವವರು ಯಾರೆಂಬುದನ್ನು ಅದು ತಿಳಿಸುತ್ತದೆ, ತೆರೆಯಲು ಬಿಡಬೇಕೇ ಬೇಡವೇ ಎಂದೂ ಕೇಳುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಸೇರಿಸಿದ ಸೌಲಭ್ಯವೊಂದು, ನಂಬಿಕೆಯಿಲ್ಲದ ತಂತ್ರಾಂಶಗಳು ಆಯ್ದ ಫೋಲ್ಡರುಗಳಲ್ಲಿ ಬರೆಯದಂತೆ ತಡೆಯುತ್ತದೆ. ವಿಂಡೋಸ್ 11ರಲ್ಲಿಯೂ ಇರುವ ಈ ಸೌಲಭ್ಯವನ್ನು ಬಳಕೆದಾರರೇ ಭದ್ರತಾ ಆಯ್ಕೆಗಳಿಗೆ ಹೋಗಿ ಚಾಲನೆಗೊಳಿಸಬೇಕು.

ಬಳಕೆದಾರರು ಅರಿಯಬೇಕಾದುದು

ಪ್ರೋಗ್ರಾಂ ಬರೆಯದವರಿಗೂ ಈ ಎಲ್ಲದರಿಂದ ಕೆಲವು ಪಾಠಗಳಿವೆ.

ಮೊದಲನೆಯದಾಗಿ, ಲ್ಯಾಪ್‌ಟಾಪನ್ನು ಮುಚ್ಚುವ ಮುನ್ನ ಕಡತದ ಪಕ್ಕದಲ್ಲಿ ಸಿಂಕ್ ಮುಗಿದ ಗುರುತು ಬಂದಿದೆಯೇ ಎಂದು ನೋಡಬೇಕು. ಸುದ್ದಿ ತಲುಪುವುದಕ್ಕೂ ಕಡತ ತಲುಪುವುದಕ್ಕೂ ನಡುವೆ ಅಂತರವಿದೆ. ಎರಡನೆಯದಾಗಿ, ಸಾವಿರಾರು ಚಿತ್ರಗಳನ್ನು ಒಮ್ಮೆಲೇ ಹಾಕಿದಾಗ, ಎರಡೂ ಕಡೆಗಳಲ್ಲಿ ಕಡತಗಳ ಸಂಖ್ಯೆ ಸರಿಹೊಂದುತ್ತದೆಯೇ ಎಂದು ಎಣಿಸಿ ನೋಡುವುದು ಲೇಸು.

ಮೂರನೆಯದು ಬಹುಮುಖ್ಯವಾದುದು. ಸಿಂಕ್ ಎಂಬುದು ಬ್ಯಾಕಪ್ ಅಲ್ಲ. ಕಾವಲು ತಂತ್ರಾಂಶಕ್ಕೆ ಒಳ್ಳೆಯ ಬದಲಾವಣೆ, ಕೆಟ್ಟ ಬದಲಾವಣೆ ಎಂಬ ಭೇದವಿಲ್ಲ. ಒಂದು ಗಣಕದಲ್ಲಿ ಕೈತಪ್ಪಿ ಅಳಿಸಿದ ಫೋಲ್ಡರನ್ನು ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಗಣಕಗಳಲ್ಲಿಯೂ ಅಳಿಸುತ್ತದೆ. ಬೀಗ ಬಿದ್ದ ಕಡತವನ್ನೂ ಹಾಗೆಯೇ ಎಲ್ಲೆಡೆ ಹಂಚುತ್ತದೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತವು ಕಸದ ಬುಟ್ಟಿಯಲ್ಲಿ 30 ದಿನವಿದ್ದು ಬಳಿಕ ಶಾಶ್ವತವಾಗಿ ಮಾಯವಾಗುತ್ತದೆ. ಆದ್ದರಿಂದ ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಗಣಕಕ್ಕೆ ಸದಾ ಜೋಡಿಸಿರದ ಡಿಸ್ಕಿನಲ್ಲಿ ಇಟ್ಟಿರಲೇಬೇಕು.

ಸಂಸ್ಥೆಗಳ ಹೊಣೆ ಇನ್ನೂ ಹೆಚ್ಚಿನದು. ಭಾರತದ ಸೈಬರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಬರ್ ದಾಳಿಯು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಗಣಕಗಳ ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡಬೇಕು. ಕಡತಗಳ ಮೇಲೆ ಕಣ್ಣಿಡದ ಸಂಸ್ಥೆಯಲ್ಲಿ ದಾಳಿ ಗಮನಕ್ಕೆ ಬರುವುದೇ ತಡವಾಗಿ, ಬಹುಶಃ ಬೆಳಗ್ಗೆ ಬಂದ ನೌಕರರು ಗಣಕ ತೆರೆದಾಗ. ಅಷ್ಟರಲ್ಲಿ ಕಡತಗಳಿಗೆ ಬೀಗ ಬಿದ್ದಿರುತ್ತದೆ.

ಹಾಟ್ ಫೋಲ್ಡರಿನ ವಿಷಯದಲ್ಲಿಯೂ ಅನುಭವಸ್ಥರು ಯಂತ್ರದ ಮೇಲೆ ಪೂರ್ತಿ ಭಾರ ಹಾಕುವುದಿಲ್ಲ. ಪುಟಗಳೆಲ್ಲ ಹೋದ ಮೇಲೂ ಪ್ಲೇಟ್ ವಿಭಾಗದವರು ಕಳುಹಿಸಿದ ಪುಟಗಳ ಪಟ್ಟಿಯನ್ನೂ ಬಂದ ಪುಟಗಳ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಿದರೆ, ತಪ್ಪಿಹೋದ ಪುಟವು ಓದುಗರಿಗಿಂತ ಮೊದಲು ಅವರ ಕಣ್ಣಿಗೇ ಬೀಳುತ್ತದೆ.